160 ಎಕರೆಗೆ 18 ಡಾಲರ್

ಬಿಯಾಟ್ರಿಸ್, ನೆಬ್ರಾಸ್ಕಾ, ಅಮೆರಿಕ

ಅಪ್ಪನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಅಮ್ಮನ ಮಂಡಿನೋವು ಹೇಗಿದೆ? ಹೋದ ವಾರ ಫೋನಿನಲ್ಲಿ "ಅಲ್ಲಿಯವರಿಗೆ ಅಷ್ಟೊಂದು ಜಮೀನು ಎಲ್ಲಿಂದ ಬಂತೋ?" ಅಂತ ಕೇಳಿದಿರಿ. ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಈ ಪತ್ರ.

ನಾನಿರುವುದು ಗೇಜ್ ಕೌಂಟಿ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು ಅಂದುಕೊಳ್ಳಿ. 1855ರಲ್ಲಿ ಇದರ ಗಡಿ ಗುರುತಿಸಿ, ಇಲ್ಲಿನ ಶಾಸನಸಭೆಯಲ್ಲಿ ಪ್ರಾರ್ಥನೆ ನಡೆಸುತ್ತಿದ್ದ ಗೇಜ್ ಎಂಬ ಪಾದ್ರಿಯ ಹೆಸರಿಟ್ಟರು. ಊರು ಹುಟ್ಟಿದ್ದು ಇನ್ನೂ ತಮಾಷೆ. 1857ರಲ್ಲಿ ಮಿಸ್ಸೌರಿ ನದಿಯಲ್ಲಿ ಹ್ಯಾನಿಬಲ್ ಅನ್ನುವ ಸ್ಟೀಮರ್ ಮರಳುದಿಣ್ಣೆಗೆ ಸಿಕ್ಕಿಕೊಂಡಿತು. ಸುಮ್ನೆ ಕೂತು ಬೇಜಾರಾದ ಪ್ರಯಾಣಿಕರು, ಎಲ್ಲರೂ ಸೇರಿ ಒಂದು ಊರು ಕಟ್ಟೋಣ ಅಂತ ಮಾತಾಡಿಕೊಂಡರಂತೆ. ಅವರಲ್ಲೊಬ್ಬ ಜಡ್ಜ್ ಕಿನ್ನಿ. ಅವನ ಮಗಳ ಹೆಸರೇ ಊರಿಗೆ. ನಾನು ಬಂದ ಹೊಸತರಲ್ಲಿ 'ಬೀಟ್ರಿಸ್' ಅಂದರೆ ಪೆಟ್ರೋಲ್ ಬಂಕಿನವನು ನಕ್ಕು, 'ಯಾ' ಒತ್ತಿ ಹೇಳಿಕೊಟ್ಟ.

ಈಗ ಜಮೀನಿನ ವಿಷಯಕ್ಕೆ ಬರುತ್ತೇನೆ. 1862ರಲ್ಲಿ ಲಿಂಕನ್ ಒಂದು ಕಾನೂನಿಗೆ ಸಹಿ ಹಾಕಿದ. ಸರ್ಕಾರಿ ಜಮೀನಿನಲ್ಲಿ 160 ಎಕರೆ ಹಿಡಿದು, ಮನೆ ಕಟ್ಟಿ, ಐದು ವರ್ಷ ಅಲ್ಲೇ ಇದ್ದು ಉತ್ತರೆ ಜಮೀನು ನಿನ್ನದು. ಶುಲ್ಕ ಎಲ್ಲಾ ಸೇರಿ 18 ಡಾಲರ್! ಅಮ್ಮನಿಗೂ ಹೇಳಿ, ಮದುವೆಯಾಗದ ಹೆಂಗಸರು, ಗಂಡ ತೀರಿಕೊಂಡವರು ತಮ್ಮ ಹೆಸರಿಗೇ ಅರ್ಜಿ ಹಾಕಬಹುದಿತ್ತು. ಕಾನೂನು ಜಾರಿಗೆ ಬಂದಿದ್ದು 1863ರ ಜನವರಿ 1. ಡೇನಿಯಲ್ ಫ್ರೀಮನ್ ಅನ್ನುವವನು ಅವತ್ತು ನಡುರಾತ್ರಿ ಕಳೆಯುತ್ತಲೇ ಬ್ರೌನ್‌ವಿಲ್ ಊರಿನ ಜಮೀನು ಕಚೇರಿಯ ಬಾಗಿಲು ತೆಗೆಸಿ ಅರ್ಜಿ ಕೊಟ್ಟನಂತೆ. ಬೆಳಗಾದರೆ ಸೈನ್ಯಕ್ಕೆ ವಾಪಸ್ ಹೋಗಬೇಕಿತ್ತಂತೆ. ಅವನ ಜಮೀನು ನಮ್ಮೂರಿನ ಪಕ್ಕದಲ್ಲೇ ಇದೆ. ಈಗ ಸರ್ಕಾರ ಅದನ್ನು ಸ್ಮಾರಕ ಮಾಡಿ ಕಾಯುತ್ತಿದೆ.

ಭಾನುವಾರ ಹೋಗಿದ್ದೆ. 1867ರಲ್ಲಿ ಕಟ್ಟಿದ ಒಂದು ಮರದ ಮನೆಯನ್ನು ಅಲ್ಲಿ ತಂದಿಟ್ಟಿದ್ದಾರೆ. ಉದ್ದ 16 ಅಡಿ, ಅಗಲ 14 ಅಡಿ. ನಮ್ಮ ಕೊಟ್ಟಿಗೆಯೇ ಅದಕ್ಕಿಂತ ದೊಡ್ಡದು, ಅಲ್ವಾ? 160 ಎಕರೆಯ ಯಜಮಾನ ಅಂದರೆ ಹೀಗೆ! ಇಲ್ಲಿನ ಚಳಿಗಾಲ ನಾನು ಕಂಡಿದ್ದೇನೆ. ಹೀಟರ್ ಇದ್ದೂ ನಡುಗುತ್ತೇನೆ. ಅವರು ಆ ಗೋಡೆಗಳ ಮಧ್ಯೆ ಹೇಗೆ ಕಳೆದರೋ.

ಆದರೆ ಅಪ್ಪ, ನಿಮ್ಮ ಪ್ರಶ್ನೆಗೆ ಇದು ಅರ್ಧ ಉತ್ತರ. ಸರ್ಕಾರ ಹಂಚಿದ ಜಮೀನು ಯಾರದಾಗಿತ್ತು? ಓಟೋ, ಮಿಸ್ಸೌರಿಯಾ ಅನ್ನುವ ಮೂಲನಿವಾಸಿ ಜನ ಇಲ್ಲಿದ್ದರು. 1854ರ ಒಪ್ಪಂದದಲ್ಲಿ ಅವರ ನೆಲ ತೆಗೆದುಕೊಂಡು, ಬಿಗ್ ಬ್ಲೂ ನದಿಯ ದಡದಲ್ಲಿ ಒಂದು ತುಂಡು ಬಿಟ್ಟುಕೊಟ್ಟರು. ಈ ಕೌಂಟಿಯ ದಕ್ಷಿಣ ಭಾಗ ಅದರೊಳಗೇ ಇತ್ತು. ಸುತ್ತ ಒಕ್ಕಲು ಜಾಸ್ತಿಯಾದ ಮೇಲೆ ಅದರ ಮೇಲೂ ಕಣ್ಣು ಬಿತ್ತು. 1881ರಲ್ಲಿ ಅವರನ್ನು ಈಗಿನ ಓಕ್ಲಹೋಮಾಕ್ಕೆ ಸಾಗಿಸಿದರು. ನೆಬ್ರಾಸ್ಕಾ ಅನ್ನುವುದು ಅವರದೇ ಮಾತು, ಚಪ್ಪಟೆಯಾಗಿ ಹರಡಿ ಹರಿಯುವ ನೀರು ಅಂತ. ಹೆಸರು ಉಳಿಸಿಕೊಂಡು ಜನರನ್ನು ಕಳಿಸಿದರು. ಫ್ರೀಮನ್ ಕಥೆ ಹೇಳುವಷ್ಟು ಉತ್ಸಾಹದಿಂದ ಇದನ್ನು ಇಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಚಿಕ್ಕಪ್ಪನ ಜೊತೆ ಬದುವಿನ ತಕರಾರು ಏನಾಯಿತು? ಸರ್ವೆಯವರು ಬಂದಿದ್ದರಾ? ಬರೆಯಿರಿ.

ನಿಮ್ಮ ಮಗ