ಬದುವಿನ ಮೇಲೆ ನಿಲ್ಲಲು ಬಿಟ್ಟವರಿಗೆ

ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳ ಭೂದೃಶ್ಯಗಳ ಪ್ರದರ್ಶನ ಮುಗಿದು ಚಿತ್ರಗಳೆಲ್ಲ ಗೋಡೆಯಿಂದ ಇಳಿದಿವೆ. ನಮ್ಮ ಮೇಲಿನ ಋಣದಲ್ಲಿ ಮೊದಲ ಪಾಲು ಹೊಲದವರದು.

ಇಲ್ಲಿಗೆ ಬರುವ ಕ್ಯಾಮೆರಾಗಳು ಸಾಮಾನ್ಯವಾಗಿ ನಾಮ್‌ಡ್ರೋಲಿಂಗ್ ಮಠದ ಬಂಗಾರದ ಬುದ್ಧನತ್ತಲೇ ಓಡುತ್ತವೆ. ಆದರೆ ನೆಲೆ ತಪ್ಪಿ ಬಂದವರು ಬೇರೂರಿದ್ದು ಮಣ್ಣಿನಲ್ಲಿ. ಅಂದಿನ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಸುಮಾರು 3,000 ಎಕರೆಯಲ್ಲಿ 1961ರಿಂದ ಕಾಡು ಕಡಿದು ಹೊಲ ಮಾಡಿದರು. ಈಗಲ್ಲಿ ಮುಸುಕಿನ ಜೋಳದ ಸಾಲು, ಸಾಲಿನಾಚೆ ಲುಂಗ್‌ತಾ ಎಂಬ ಪ್ರಾರ್ಥನಾ ಬಾವುಟ: ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಜೋಳ ಆಳೆತ್ತರವಾದರೆ ಚೌಕಟ್ಟಿನ ತುಂಬ ಬರೀ ಎಲೆ. ಪೈರು ಮೊಣಕಾಲುದ್ದ ಇರುವಾಗ, ಇಲ್ಲವೇ ಕಟಾವಾಗಿ ಕೂಳೆ ಉಳಿದಾಗ ಮಾತ್ರ ಸಾಲುಗಳ ಓಟ ಕಾಣುತ್ತದೆ. ಇದನ್ನು ತಿಳಿಸಿ, ಬಿತ್ತನೆ ತುಳಿಯದಂತೆ ಬದು ತೋರಿಸಿದ ಕ್ಯಾಂಪಿನ ಹಿರಿಯರಿಗೂ, ಅಲ್ಲಿ ದುಡಿಯುವ ಸುತ್ತಲ ಹಳ್ಳಿಯವರಿಗೂ ನಮಸ್ಕಾರ. ಹಿರಿಯರಿಗೆ ಅವರದೇ ಮಾತಿನಲ್ಲಿ, ಥುಕ್‌ಜೆ ಛೆ, ಅಂದರೆ ಧನ್ಯವಾದ.

ಪಟಪಟಿಸುವ ಬಾವುಟವನ್ನು 1/500 ಸೆಕೆಂಡಿನಲ್ಲಿ ಹಿಡಿದರೆ ಒಣಹಾಕಿದ ಬಟ್ಟೆಯಂತಿರುತ್ತದೆ. 1/8ಕ್ಕಿಳಿಸಿದರೆ ಗಾಳಿ ಕಾಣುತ್ತದೆ, ಆದರೆ ಪೈರೂ ಅಲುಗಿ ಮಸುಕಾಗುತ್ತದೆ. 1/30ರ ಆಸುಪಾಸು ಒಗ್ಗಿತು. ಭಿಕ್ಷುಗಳ ಕಡುಗೆಂಪು ವಸ್ತ್ರ ಇನ್ನೊಂದು ತಲೆನೋವು. ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೊಗ್ರಾಂ ನಕ್ಷೆ ಒಟ್ಟಾರೆ ಸರಿಯಿದ್ದರೂ ಕೆಂಪು ಬಣ್ಣದ ಚಾನೆಲ್ ಮಾತ್ರ ಅದರ ಬಲತುದಿಗೆ, ಅಂದರೆ ಗರಿಷ್ಠ ಮಿತಿಗೆ ಬಡಿದು, ಪ್ರಿಂಟಿನಲ್ಲಿ ಬಟ್ಟೆಯ ನೆರಿಗೆಗಳೇ ಅಳಿಸಿಹೋಗುತ್ತವೆ. ಎಕ್ಸ್‌ಪೋಷರ್ ಅರ್ಧದಿಂದ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ತಗ್ಗಿಸಲೇಬೇಕು. ಆ ಕೆಂಪಿಗಾಗಿ ಮತ್ತೆ ಮತ್ತೆ ಟೆಸ್ಟ್ ಪ್ರಿಂಟ್ ತೆಗೆದ ಲ್ಯಾಬಿನವರ ತಾಳ್ಮೆ ದೊಡ್ಡದು. 24 ಮೆಗಾಪಿಕ್ಸೆಲ್ ಫೈಲಿಗೆ 30×20 ಇಂಚಿನಲ್ಲಿ ಇಂಚಿಗೆ 200 ಪಿಕ್ಸೆಲ್ ಸಿಗುತ್ತದೆ, ಅದಕ್ಕಿಂತ ದೊಡ್ಡದು ಬೇಡ ಎಂದು ಹಠ ಹಿಡಿದವರೂ ಅವರೇ. ಹಿಗ್ಗಿಸಿದ್ದರೆ ಜೋಳದ ಎಲೆಗಳೇ ಮೊದಲು ಮುದ್ದೆಯಾಗುತ್ತಿದ್ದವು. ಫ್ರೇಮಿನವರು ಚಿತ್ರದ ಅಂಚಿಗೆ ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟು ಇಟ್ಟು ಗಾಜಿಗೂ ಪ್ರಿಂಟಿಗೂ ಸಂದು ಬಿಟ್ಟರು; ಮಳೆಗಾಲದ ತೇವಕ್ಕೆ ಕಾಗದ ಗಾಜಿಗೆ ಅಂಟಿದರೆ ಕೀಳಲಾಗದು.

ಮುಖ ತೋರಿಸಬೇಡಿ ಎಂದು ನೇರವಾಗಿ ಹೇಳಿದವರಿಗೂ ಕೃತಜ್ಞತೆ. ಟಿಬೆಟಿನಲ್ಲಿ ಬಂಧುಗಳನ್ನು ಬಿಟ್ಟು ಬಂದವರಿಗೆ ಗುರುತು ಸಿಗುವ ಒಂದು ಫೋಟೋ ಸಾಕು, ಅಲ್ಲಿ ಯಾರಿಗೋ ತೊಂದರೆಯಾಗಬಹುದು. ಅದಕ್ಕೇ ಜನರೆಲ್ಲ ದೂರದಲ್ಲಿ, ಬೆನ್ನು ಹಾಕಿ ನಿಂತವರು. ಫೈಲುಗಳಲ್ಲಿ ಕೂತಿದ್ದ ಜಿಪಿಎಸ್ ಮಾಹಿತಿಯನ್ನೂ ಅಳಿಸಿದ್ದೇವೆ. ನಿಜ ಹೇಳಬೇಕೆಂದರೆ, ಈ ಕಟ್ಟುಪಾಡಿನಿಂದಲೇ ಚಿತ್ರಗಳಲ್ಲಿ ನೆಲಕ್ಕೆ ಜಾಗ ಸಿಕ್ಕಿತು.

ಪ್ರದರ್ಶನದ ಕೊನೆಯ ಚಿತ್ರ ಬೀಗ ಹಾಕಿದ ಒಂದು ಮನೆ, ಮುಂದೆ ಕೂಳೆಯ ಹೊಲ. ಮನೆಯವರು ಚಳಿಗಾಲದ ಸ್ವೆಟರ್ ವ್ಯಾಪಾರಕ್ಕೆ ಬೇರೆ ಊರಿಗೆ ಹೋಗಿದ್ದಾರೆ. ಅವರಿಗೆಂದು ಈ ಚಿತ್ರದ ಒಂದು ಪ್ರತಿಯನ್ನು ಕಟ್ಟಿಟ್ಟಿದ್ದೇವೆ. ಸೀಸನ್ ಮುಗಿಸಿ ಬಂದ ಮೇಲೆ ಕೈಗೇ ಕೊಡುತ್ತೇವೆ.