ಹೆಸರು ಬೇಡವೆಂದ ಸೌಂಡ್ ರೆಕಾರ್ಡಿಸ್ಟ್‌ಗೆ
ಶೂಟಿಂಗ್‌ನಲ್ಲಿ ನೀವು ಕೊಟ್ಟ ಸಲಹೆಗಳಿಗೆ ನಮ್ಮ ಪುಟ್ಟ ಚಿತ್ರತಂಡದ ಧನ್ಯವಾದ ನಿಮಗೆ. ನಮ್ಮ ಚಿತ್ರದ ಒಂದು ದೃಶ್ಯದಲ್ಲಿ, ಅಪ್ಪ ತೀರಿಕೊಂಡ ಮನೆಯಲ್ಲಿ ಇಪ್ಪತ್ತರ ಹುಡುಗಿ ಅಸಂಬದ್ಧವಾಗಿ ಏನೋ ಅಂದು ಸುಮ್ಮನಾಗುತ್ತಾಳೆ. ನಗು ಬರುವುದು ಆ ಸುಮ್ಮನಿರುವಿಕೆಯಲ್ಲೇ. ಎಡಿಟಿಂಗ್‌ನಲ್ಲಿ ಅದನ್ನು ಎರಡು ಸೆಕೆಂಡು ಹಿಗ್ಗಿಸಲು ಅದೇ ಕೋಣೆಯ ಖಾಲಿ ಸದ್ದು, ಅಂದರೆ ರೂಮ್ ಟೋನ್, ಬೇಕು. ಇಲ್ಲದಿದ್ದರೆ ಹಿನ್ನೆಲೆ ಟಪ್ಪನೆ ಬದಲಾಗಿ ಕಟ್ ಎದ್ದು ಕೇಳುತ್ತದೆ, ನಗುವೂ ಸಾಯುತ್ತದೆ. ನೀವು ಹೇಳಿದಂತೆ ದೃಶ್ಯ ಮುಗಿದ ಕೂಡಲೇ, ಜನ, ಲೈಟು ಇದ್ದಲ್ಲೇ ಇರುವಾಗ, ಮೈಕ್ ಕದಲಿಸದೆ, ಗೇನ್ (ಮೈಕಿನ ಸದ್ದನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟ) ಮುಟ್ಟದೆ 60 ಸೆಕೆಂಡು ರೂಮ್ ಟೋನ್ ತೆಗೆದೆವು. ಎಲ್ಲರೂ ಊಟಕ್ಕೆ ಎದ್ದ ಮೇಲೆ ತೆಗೆದದ್ದು ಹೊಂದುವುದಿಲ್ಲ. ಮೈಗಳೂ ಬಟ್ಟೆಗಳೂ ಸದ್ದು ಹೀರುತ್ತವೆ. ಗುಂಯ್‌ಗುಟ್ಟುವ ಫ್ರಿಜ್ ಆಫ್ ಮಾಡಿ ಕಾರಿನ ಕೀ ಅದರೊಳಗೇ ಇಡಿ ಅಂದಿರಲ್ಲ, ಅದಂತೂ ಅಪ್ಪಟ ಚಿನ್ನ: ಮತ್ತೆ ಆನ್ ಮಾಡುವುದನ್ನು ಮರೆತು ಯಾರೂ ಹೊರಡುವಂತಿಲ್ಲ.