ಚಿತ್ರದ ಕೆಳಗಿನ ಎರಡು ಸಾಲು

ಪ್ರಿಯ ತಮ್ಮನಿಗೆ,

ಆಶೀರ್ವಾದಗಳು. ಹಂಪಿಯ ಬಗ್ಗೆ ಬರೆದ ನಿನ್ನ ಹಸ್ತಪ್ರತಿ, ಅದರೊಂದಿಗಿದ್ದ ಪೆನ್‌ಡ್ರೈವ್, ಆಮೇಲೆ ಬಂದ ಉದ್ದನೆಯ ಪತ್ರ ಎಲ್ಲವೂ ತಲುಪಿವೆ. ಪತ್ರವನ್ನೇ ಮೊದಲು ಓದಿದೆ. ಜನ ಚಿತ್ರ ನೋಡಿ ಮುಂದೆ ಹೋಗುತ್ತಾರೆ, ಬರಹವನ್ನು ಯಾರೂ ಓದುವುದಿಲ್ಲ, ಹಾಗಿರುವಾಗ ಬರೆಯುವುದಾದರೂ ಯಾಕೆ ಎಂದು ಕೇಳಿದ್ದೀಯ. ಈ ವಯಸ್ಸಿಗೇ ಇಷ್ಟೊಂದು ಬೇಸರ ಬೇಡ. ಬರೆಯುವುದು ಬಿಟ್ಟು ರೀಲ್ಸ್ ಮಾಡು ಎಂದ ನಿನ್ನ ಗೆಳೆಯ ಕೆಟ್ಟವನೇನಲ್ಲ. ಅವನಿಗೆ ನಿನ್ನ ಬರಹ ಓದಲು ಪುರುಸೊತ್ತಾಗಿಲ್ಲ, ಅಷ್ಟೇ.

ಯಾವ ಮೊಬೈಲ್ ಕೊಳ್ಳಬೇಕು, ಎಷ್ಟು ಮೆಗಾಪಿಕ್ಸೆಲ್ ಬೇಕು, ವಿಡಿಯೊವನ್ನು ಅಡ್ಡ ಹಿಡಿಯಬೇಕೋ ಉದ್ದ ಹಿಡಿಯಬೇಕೋ ಎಂಬ ಪ್ರಶ್ನೆಗಳನ್ನು ನನ್ನನ್ನು ಕೇಳಬೇಡ. ನಿನ್ನ ಓರಗೆಯವರಿಗೆ ಅವೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಲೆನ್ಸ್ ಒರೆಸಿಕೋ, ನೆಲ ವಾಲದಂತೆ ಹಿಡಿ, ಉಳಿದದ್ದು ಕೈಗೆ ತಾನಾಗಿ ಬರುತ್ತದೆ. ನನಗೆ ಹೇಳಬೇಕಿರುವುದು ಒಂದೇ ಸಂಗತಿ. ಅದನ್ನು ನಮ್ಮ ಮನೆಯವರು ನನ್ನ ಹುಚ್ಚು ಎನ್ನುತ್ತಾರೆ. ಅಡಿಬರಹ! ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ ಬರುವ ಆ ಎರಡು ಸಾಲು.

ನಿನ್ನ ಹಂಪಿಯ ಬರಹದಲ್ಲಿ 64 ಚಿತ್ರಗಳಿವೆ. ಅಡಿಬರಹ ಇರುವುದು ಒಂಬತ್ತಕ್ಕೆ. ಅದರಲ್ಲೂ ‘ಶಿಲೆಯಲ್ಲಿ ಅರಳಿದ ಕಾವ್ಯ’ ಎರಡು ಕಡೆ, ‘ಕಾಲದ ಮೌನ ಸಾಕ್ಷಿ’ ಒಂದು ಕಡೆ, ‘ಮುಗ್ಧ ನಗು’ ಇನ್ನೊಂದು ಕಡೆ. ಮಾರಾಯ, ಇವನ್ನು ಹಂಪಿಯಿಂದ ಕಿತ್ತು ಬೇಲೂರಿಗೋ ಬಾದಾಮಿಗೋ ಅಂಟಿಸಿದರೆ ಯಾರಿಗಾದರೂ ವ್ಯತ್ಯಾಸ ತಿಳಿಯುತ್ತದೆಯೇ? ಬಾಳೆಹಣ್ಣು ಮಾರುವ ಆ ಅಜ್ಜಿ ಮುಗ್ಧೆ ಎಂದು ನಿನಗೆ ಹೇಳಿದವರು ಯಾರು? ಬೆಳಗಿನಿಂದ ನೂರು ಜನ ಪ್ರವಾಸಿಗಳನ್ನು ನೋಡಿ, ಯಾರು ಕೊಳ್ಳುತ್ತಾರೆ, ಯಾರು ಬರೀ ಫೋಟೊ ತೆಗೆದು ಹೋಗುತ್ತಾರೆ ಎಂದು ದೂರದಿಂದಲೇ ಅಳೆಯುವ ಹೆಂಗಸು ಅವಳು. ಚಿತ್ರ ತೆಗೆಯಲೇ ಎಂದು ನೀನು ಕೇಳಿದೆಯೋ ಇಲ್ಲವೋ, ಡಜನ್ನಿಗೆ ಎಷ್ಟು ಹೇಳಿದಳು, ನೀನು ಕೊಂಡೆಯೋ ಚೌಕಾಸಿ ಮಾಡಿ ಬಂದೆಯೋ, ಅದನ್ನು ಬರೆ.

ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರ ಐದು ಇವೆ. ಐದೂ ಎದುರಿನ ಮೂಲೆಯಿಂದ, ನೀಲಿ ಆಕಾಶದ ಕೆಳಗೆ ತೆಗೆದವು. ಹೆಚ್ಚುಕಡಿಮೆ ಅದೇ ನೋಟ 2017ರಿಂದ ಐವತ್ತು ರೂಪಾಯಿಯ ಹೊಸ ನೋಟಿನ ಬೆನ್ನ ಮೇಲೆ ಎಲ್ಲರ ಕಿಸೆಯಲ್ಲೂ ಓಡಾಡುತ್ತಿದೆ. ರಥದ ಮುಂದಿರುವ ಆನೆಗಳ ಹಿಂದೆ ಕಣ್ಣು ಹಾಯಿಸಿದ್ದೀಯಾ? ಅಲ್ಲಿ ಕುದುರೆಯ ಹಿಂಗಾಲು ಮತ್ತು ಬಾಲದ ತುಣುಕುಗಳು ಇನ್ನೂ ಉಳಿದಿವೆ. ಮೊದಲು ರಥದ ಮುಂದೆ ಇದ್ದವು ಕುದುರೆಗಳು, ಈ ಆನೆಗಳು ಆಮೇಲೆ ಬಂದು ಕೂತವು. ಈಗ ರಥದ ಸುತ್ತ ತಡೆ ಹಾಕಿರುವುದರಿಂದ ಹತ್ತಿರ ಹೋಗಲಾಗದು ನಿಜ, ನಿನ್ನ ಮೊಬೈಲಿನಲ್ಲಿ ಝೂಮ್ ಇರುವುದು ಮತ್ತೆ ಯಾವುದಕ್ಕೆ? ಆ ಬಾಲದ ಒಂದು ಚಿತ್ರ ಹಾಕಿ, ಕೆಳಗೆ ‘ಆನೆಯ ಬೆನ್ನ ಹಿಂದೆ ಕುದುರೆಯ ಬಾಲ’ ಎಂದು ಬರೆದು ನೋಡು. ಓದುಗ ಆ ಸಾಲು ಓದಿ ಮತ್ತೆ ಚಿತ್ರಕ್ಕೆ ಹೋಗುತ್ತಾನೆ, ಬಾಲ ಹುಡುಕುತ್ತಾನೆ, ಸಿಕ್ಕ ಮೇಲೆ ಇದೇನು ಕಥೆ ಎಂದು ನಿನ್ನ ಬರಹಕ್ಕೆ ಬರುತ್ತಾನೆ. ಯಾರೂ ಓದುವುದಿಲ್ಲ ಎಂದು ಅಳುತ್ತಿದ್ದೆಯಲ್ಲ, ಓದುಗನನ್ನು ಒಳಗೆ ಕರೆಯುವ ಬಾಗಿಲನ್ನೇ ನೀನು 55 ಕಡೆ ಮುಚ್ಚಿದ್ದೀಯ.

ಇದೇ ರಥವನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದರು. ಆ ಚಿತ್ರದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಈಗ ಅದಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಏನು ಉಳಿಯಿತು, ಏನು ಬಿತ್ತು, ಏನನ್ನು ಮನುಷ್ಯರೇ ತೆಗೆದುಹಾಕಿದರು ಎಂಬುದೆಲ್ಲ ಕಾಣುತ್ತದೆ. ಆ ಇಡೀ ಕೆಲಸ ನಿಂತಿರುವುದು ಇಸವಿಯ ಮೇಲೆ. ಇಸವಿ ತಿಳಿಯದಿದ್ದರೆ ಗ್ರೀನ್‌ಲಾ ತೆಗೆದದ್ದು ಒಂದು ಮಸುಕಾದ ಹಳೆಯ ಚಿತ್ರ, ಅಷ್ಟೇ. ನಿನ್ನ ಚಿತ್ರಗಳಲ್ಲಿ ಒಂದಕ್ಕೂ ದಿನಾಂಕವಿಲ್ಲ. ಮೊಬೈಲು ದಿನ, ಗಂಟೆ, ಕೆಲವೊಮ್ಮೆ ಜಾಗವನ್ನೂ ಚಿತ್ರದೊಳಗೇ ಬರೆದಿಟ್ಟುಕೊಂಡಿರುತ್ತದೆ. ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಅತ್ತಿತ್ತ ಕಳಿಸಿದರೆ ಆ ವಿವರ ಅಳಿಸಿಹೋಗುತ್ತದೆ. ಅದಕ್ಕೇ ಅವತ್ತಿನ ರಾತ್ರಿಯೇ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ನಾಳೆ ಬರೆದರಾಯಿತು ಎಂದುಕೊಂಡರೆ ನಾಳೆಗೆ ಯಾವ ಮಂಟಪ ಯಾವುದೆಂದೇ ಮರೆತಿರುತ್ತದೆ.

ವಿರೂಪಾಕ್ಷ ಬಜಾರಿನ ಚಿತ್ರ ನೋಡಿ ಮಾತ್ರ ನನಗೆ ಸಿಟ್ಟು ಬಂತು. ಚಿತ್ರವೇನೋ ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಗಿನ ಬಿಸಿಲು, ಉದ್ದಕ್ಕೂ ಸಾಲು ಮಂಟಪಗಳು, ಕೊನೆಯಲ್ಲಿ ಗೋಪುರ, ಒಂದು ನಾಯಿ. ಅದರ ಕೆಳಗೆ ‘ಹಂಪಿಯ ನಿರ್ಜನ ಸೌಂದರ್ಯ’ ಎಂದು ಬರೆದಿದ್ದೀಯ. ಓದಿದವನಿಗೆ ಆ ಮಂಟಪಗಳು 1565ರಲ್ಲಿ ವಿಜಯನಗರ ಪಟ್ಟಣ ಹಾಳಾದಾಗಿನಿಂದ ಖಾಲಿ ಬಿದ್ದಿವೆ ಎನ್ನಿಸುತ್ತದೆ. 2011ರವರೆಗೆ ಆ ಮಂಟಪಗಳಲ್ಲಿ ಸಂಸಾರಗಳಿದ್ದವು, ಅಂಗಡಿಗಳಿದ್ದವು, ಹೋಟೆಲುಗಳಿದ್ದವು. ಆ ವರ್ಷದ ಜುಲೈನಲ್ಲಿ ಬುಲ್ಡೋಜರ್‌ಗಳು ಬಂದವು. ಸ್ಮಾರಕ ಉಳಿಯಬೇಕು ಎಂಬವರ ಮಾತಿಗೂ ತೂಕವಿದೆ, ಒಕ್ಕಲೆದ್ದವರ ಸಂಕಟಕ್ಕೂ ಇದೆ. ನೀನು ಯಾರ ಪಕ್ಷ ವಹಿಸಬೇಕೆಂದು ನಾನು ಹೇಳುವುದಿಲ್ಲ. ‘2011ರ ತೆರವಿನ ನಂತರದ ವಿರೂಪಾಕ್ಷ ಬಜಾರು, ಬೆಳಿಗ್ಗೆ ಏಳು ಗಂಟೆ’ ಎಂದಿದ್ದರೆ ಸಾಕಿತ್ತು. ಮುಂದಿನ ಸಲ ಹೋದಾಗ ಅಲ್ಲಿಂದ ಎದ್ದವರು ನೆಲೆನಿಂತ ಕಡ್ಡಿರಾಂಪುರಕ್ಕೂ ಹೋಗಿ ಬಾ. ಅಲ್ಲಿ ಚಿತ್ರ ತೆಗೆಯಲೇಬೇಕೆಂದಿಲ್ಲ, ಕೂತು ಚಹಾ ಕುಡಿದು ಬಾ.

ಅಡಿಬರಹದ ಬಗ್ಗೆ ಈ ಮುದುಕ ಯಾಕೆ ಇಷ್ಟು ಹಾರಾಡುತ್ತಾನೆ ಎಂದು ನಿನಗೆ ಅನ್ನಿಸಿರಬಹುದು. ಅದಕ್ಕೊಂದು ಹಳೆಯ ಹಗೆ ಇದೆ. ವಿರೂಪಾಕ್ಷ ದೇವಾಲಯದ ಗರ್ಭಗುಡಿಯ ಹಿಂಬದಿಯಲ್ಲಿ, ಗೋಡೆಯ ಸಣ್ಣ ಕಿಂಡಿಯಿಂದ ತೂರಿದ ಬೆಳಕು ಎದುರುಗೋಡೆಯ ಮೇಲೆ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಶಾಲೆಯಲ್ಲಿ ಓದಿದ ಸೂಜಿರಂಧ್ರ ಕ್ಯಾಮೆರಾದ ಲೆಕ್ಕವೇ ಅದು. ಫಿಲಂ ರೋಲಿನ ಕಾಲದಲ್ಲಿ, ಆ ಕತ್ತಲಲ್ಲಿ ಉಸಿರು ಬಿಗಿಹಿಡಿದು ನಾನು ಅದರ ಚಿತ್ರ ತೆಗೆದು, ಲೇಖನದ ಜೊತೆ ಒಂದು ವಾರಪತ್ರಿಕೆಗೆ ಕಳಿಸಿದೆ. ಪುಟ ಕಟ್ಟಿದ ಪುಣ್ಯಾತ್ಮರಿಗೆ ಚಿತ್ರ ಉಲ್ಟಾ ಇದೆ ಅನ್ನಿಸಿತು. ತಿರುಗಿಸಿ ಅಚ್ಚು ಮಾಡಿದರು! ಜಾಗ ಸಾಲದೆಂದು ಅಡಿಬರಹವನ್ನೂ ಕಿತ್ತುಹಾಕಿದರು. ಲೇಖನದಲ್ಲಿ ನಾನು ತಲೆಕೆಳಗಾದ ಗೋಪುರ ಕಂಡು ಬೆರಗಾಗುತ್ತಿದ್ದೇನೆ, ಪಕ್ಕದಲ್ಲೇ ಗೋಪುರ ನೆಟ್ಟಗೆ ನಿಂತಿದೆ. ತಲೆಕೆಳಗಾಗಿರುವುದು ಗೋಪುರವೋ ಲೇಖಕರೋ ಎಂದು ಓದುಗರೊಬ್ಬರು ಕಾರ್ಡು ಬರೆದರು. ಆ ಕಾರ್ಡನ್ನು ಮಾತ್ರ ಸಂಪಾದಕರು ಒಂದಕ್ಷರವೂ ಬಿಡದೆ ಪ್ರಕಟಿಸಿದರು. ಆ ಪತ್ರಿಕೆ ನಿಂತುಹೋಗಿ ಎಷ್ಟೋ ಕಾಲವಾಯಿತು, ನನ್ನ ಸಿಟ್ಟು ನಿಂತಿಲ್ಲ. ಈಗ ನಿನ್ನ ಕಟ್ಟಿನಲ್ಲೂ ಅದೇ ನೆರಳಿನ ಚಿತ್ರವಿದೆ, ಅಡಿಬರಹವಿಲ್ಲದೆ. ಗೊತ್ತಿಲ್ಲದವರು ಗೋಡೆಗೆ ನೀರು ಜಿನುಗಿದೆ ಎಂದುಕೊಳ್ಳುತ್ತಾರೆ.

ಹೇಮಕೂಟ, ಮಾತಂಗ ಬೆಟ್ಟಗಳ ಸೂರ್ಯೋದಯ, ಸೂರ್ಯಾಸ್ತ ಸೇರಿ ಹನ್ನೊಂದು ಚಿತ್ರ. ಒಂದೇ ಪಂಕ್ತಿಯಲ್ಲಿ ಹನ್ನೊಂದು ಸಲ ಪಾಯಸ ಬಡಿಸಿದ್ದೀಯ. ಹತ್ತನ್ನು ತೆಗೆ. ಯಾವ ಹತ್ತು ಎಂದು ನನ್ನನ್ನು ಕೇಳಬೇಡ.

ವಿಡಿಯೊಗಳ ವಿಷಯದಲ್ಲಿ ನನಗೆ ಹೆಚ್ಚು ತಿಳಿಯದು ಎಂದು ನೀನು ಲೆಕ್ಕ ಹಾಕಿರುತ್ತೀಯ. ನೋಡುವುದಕ್ಕೆ, ಕೇಳುವುದಕ್ಕೆ ತಿಳಿಯುತ್ತದೆ. ಏಳೂ ವಿಡಿಯೊಗಳಿಗೆ ಸಿನಿಮಾ ಸಂಗೀತ ಬಳಿದಿದ್ದೀಯ. ವಿರೂಪಾಕ್ಷ ದೇವಾಲಯದ ಲಕ್ಷ್ಮಿ ಆನೆ ಹೊಳೆಗೆ ಇಳಿಯುವಾಗ ಮಾವುತ ಏನೆಂದು ಕೂಗಿದ, ಮೈ ಉಜ್ಜುವಾಗ ಆನೆ ಹೇಗೆ ಉಸಿರು ಬಿಟ್ಟಿತು ಎಂಬುದನ್ನು ಸ್ಥಿರಚಿತ್ರವೂ ಹೇಳಲಾರದು, ನನ್ನ ನಿನ್ನ ಗದ್ಯವೂ ಪೂರ್ತಿ ಹೇಳಲಾರದು. ವಿಡಿಯೊ ಇರಬೇಕಾದದ್ದು ಅದಕ್ಕೆ, ಅದನ್ನೇ ಪಿಟೀಲಿನ ಕೆಳಗೆ ಹೂತಿದ್ದೀಯ. ತೆಪ್ಪದ ವಿಡಿಯೊದಲ್ಲಿ ಅಂಬಿಗ ಹುಟ್ಟು ಹಾಕಿ ತೆಪ್ಪವನ್ನು ಗಿರಗಿರನೆ ತಿರುಗಿಸುತ್ತಾನೆ, ಅದರ ಜೊತೆ ನೀನೂ ಮೊಬೈಲನ್ನು ತಿರುಗಿಸಿದ್ದೀಯ, ನೋಡಿದವನಿಗೆ ತಲೆಸುತ್ತು ಬರುತ್ತದೆ. ದಡದಲ್ಲಿ ನಿಂತು, ಮೊಬೈಲನ್ನು ಬಂಡೆಗೆ ಒರಗಿಸಿ, ಇಪ್ಪತ್ತು ಸೆಕೆಂಡು ಸುಮ್ಮನಿದ್ದರೆ ಆಗುತ್ತಿತ್ತು. ಇನ್ನು ವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನು ಯಾರೋ ಬೆರಳಿನಿಂದ ತಟ್ಟುವ ವಿಡಿಯೊ ಇದೆಯಲ್ಲ, ಅದನ್ನು ಇವತ್ತೇ ಅಳಿಸಿಹಾಕು. ತಟ್ಟಿ ತಟ್ಟಿ ಕಂಬ ಹಾಳಾಗುತ್ತದೆಂದೇ ಅದನ್ನು ನಿಷೇಧಿಸಿದ್ದಾರೆ. ನಿನ್ನ ವಿಡಿಯೊ ನೋಡಿದ ಹತ್ತು ಜನರಲ್ಲಿ ಇಬ್ಬರಾದರೂ ಕಾವಲುಗಾರನ ಕಣ್ಣು ತಪ್ಪಿಸಿ ತಟ್ಟಿ ನೋಡುತ್ತಾರೆ. ಇಲ್ಲಿ ಯಾವ ಅಡಿಬರಹವೂ ಉಪಯೋಗಕ್ಕೆ ಬಾರದು.

ಬೈದದ್ದು ಸಾಕು. ಹಸ್ತಪ್ರತಿಯ ಮೂವತ್ತೊಂದನೆಯ ಪುಟಕ್ಕೆ ಬಂದಾಗ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ವಿಠ್ಠಲ ದೇವಾಲಯಕ್ಕೆ ಹೋಗುವ ಬ್ಯಾಟರಿ ವಾಹನವನ್ನು ಓಡಿಸುತ್ತಿದ್ದ ಹೆಂಗಸು, ಕೂತವರೆಲ್ಲ ಬೀಸುವ ಗಾಳಿಗೆ ಸೆರಗು ಮುಚ್ಚಿಕೊಂಡು ಕೆಮ್ಮುತ್ತಿರುವಾಗ ತಾನು ಮಾತ್ರ ಧೂಳಿನಲ್ಲಿ ಕಣ್ಣು ಕಿರಿದು ಮಾಡಿ, ಮಗಳ ಪರೀಕ್ಷೆಯ ಮಾತಾಡುತ್ತ ಹೋದದ್ದು. ಅದರ ಚಿತ್ರ ನಿನ್ನಲ್ಲಿಲ್ಲ. ಕೈಯಲ್ಲಿ ಮೊಬೈಲ್ ಇದ್ದರೂ ನೀನು ಅವಳ ಮಾತು ಕೇಳುತ್ತ ಕೂತಿದ್ದೆ, ಅಲ್ಲವೇ? ಆ ಪುಟಕ್ಕೆ ಎಲ್ಲಿಂದಲೋ ಒಂದು ಚಿತ್ರ ತಂದು ಅಂಟಿಸಬೇಡ. ಒಂದಕ್ಷರವನ್ನೂ ತಿದ್ದಬೇಡ.

ಪ್ರಕಾಶಕರ ಬಗ್ಗೆ ಕೇಳಿದ್ದೆ, ಅದು ಆಮೇಲೆ. ಮೊದಲು ಚಿತ್ರಗಳನ್ನು ಹದಿನೈದಕ್ಕೆ ಇಳಿಸು. ಪ್ರತಿಯೊಂದರ ಕೆಳಗೂ ಎಲ್ಲಿ, ಯಾವಾಗ, ಚೌಕಟ್ಟಿನ ಆಚೆ ಏನಿತ್ತು ಎಂಬುದನ್ನು ಬರೆದು, ಮಳೆಗಾಲಕ್ಕೆ ಮೊದಲೇ ಕಳಿಸು. ಜೂನ್ ಹಿಡಿದ ಮೇಲೆ ನಮ್ಮೂರಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲ, ನೆಟ್‌ವರ್ಕಿನ ಮಾತಂತೂ ಬೇಡ. ಆದ್ದರಿಂದ ಕಾಗದದ ಮೇಲೆ ಮುದ್ರಿಸಿ ಅಂಚೆಯಲ್ಲೇ ಕಳಿಸಬೇಕು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ನಿನ್ನ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಹಿತೈಷಿ